ಓದುಗರ ಪ್ರಶ್ನೆ: ಫೋನಿನಲ್ಲಿ ಮಾತಾಡಿದರೆ ಮನಸ್ಸು ಹಗುರಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇದರ ಬಗ್ಗೆಯೇ ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದು ಬೇಕಿತ್ತು.

ಮೇಡಂ, ನನಗೆ 31 ವರ್ಷ. ನಮ್ಮದು ಅಡಿಕೆ ತೋಟದ ಮನೆ. ಎರಡನೇ ಮಗುವಿಗೆ ಈಗ ಏಳು ತಿಂಗಳು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಯಾವುದರಲ್ಲೂ ಮನಸ್ಸಿಲ್ಲ. ಮಗು ಅತ್ತರೂ ಏಳಬೇಕು ಅನ್ನಿಸುವುದಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಸುಮ್ನೆ ಅಳು ಬರುತ್ತದೆ. ನಮ್ಮ ಮನೆಯವರು, ‘ಆನ್‌ಲೈನ್‌ನಲ್ಲಿ ಕೌನ್ಸೆಲಿಂಗ್ ಮಾಡ್ತಾರಂತೆ, ಮಾತಾಡು’ ಅಂದರು. ಒಂದು ಸಲಕ್ಕೆ 1,200 ರೂಪಾಯಿ. ಮನೆ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಜಗಲಿಯ ಒಂದು ಮೂಲೆಯಲ್ಲಿ ನಿಂತರೆ ಸಿಗುತ್ತದೆ, ಅಲ್ಲಿ ಅತ್ತೆ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಇಲ್ಲದಿದ್ದರೆ ಹಿಂದಿನ ಗುಡ್ಡ ಹತ್ತಬೇಕು. ಶಿವಮೊಗ್ಗಕ್ಕೆ ಹೋಗಿ ಬರಲು ಇಡೀ ದಿನ ಬೇಕು. ಮಗು ಎತ್ತಿಕೊಂಡು ಹೇಗೆ ಹೋಗಲಿ? ಫೋನಿನಲ್ಲಿ ಮಾತಾಡಿದರೆ ನಿಜವಾಗಿ ಕಡಿಮೆ ಆಗುತ್ತಾ, ದುಡ್ಡು ದಂಡವಾ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ತಂಗಿ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು 1,200 ರೂಪಾಯಿಯ ಮೇಲಲ್ಲ, ಜಗಲಿಯ ಆ ಮೂಲೆಯ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಹೆರಿಗೆಯಾದ ಮೊದಲ ವಾರ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ತುಂಬಾ ಜನರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ನಿಮಗೆ ಏಳು ತಿಂಗಳಾಗಿದೆ. ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಅಳು ಕೇಳಿದರೂ ಏಳಬೇಕು ಅನ್ನಿಸದಿರುವುದು, ಇವು ಬಾಣಂತಿಯರಿಗೆ ಬರುವ ಖಿನ್ನತೆಯ ಲಕ್ಷಣ ಇರಬಹುದು. ಇದು ಸೋಮಾರಿತನ ಅಲ್ಲ. ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ಗುಣ ಆಗುತ್ತದೆ. ‘ನಾನು ಒಳ್ಳೆ ತಾಯಿ ಅಲ್ಲ’ ಎಂದು ನೀವು ಪತ್ರದಲ್ಲಿ ಬರೆದು ಆಮೇಲೆ ಹೊಡೆದು ಹಾಕಿದ್ದೀರಿ. ಅದು ನನಗೆ ಕಾಣಿಸಿತು. ಕಾಯಿಲೆ ಹಾಗೆ ಹೇಳಿಸುತ್ತದೆ, ತಂಗಿ.

ಈಗ ಫೋನಿನ ವಿಷಯ. ನನಗೂ ಮೊದಲು ನಂಬಿಕೆ ಇರಲಿಲ್ಲ. ನಾನು ಕ್ಲಿನಿಕಲ್ ಸೈಕಾಲಜಿ ಓದಿದವಳು, ಮೈಸೂರಿನಲ್ಲಿ 26 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಎದುರಿಗೆ ಎರಡು ಬೆತ್ತದ ಕುರ್ಚಿ, ನಡುವೆ ನೀರಿನ ತಂಬಿಗೆ, ಕಿಟಕಿಗೆ ದಪ್ಪ ಪರದೆ. ಬಂದವರು ಅತ್ತರೆ ಸುಮ್ಮನೆ ನೀರಿನ ಲೋಟ ಮುಂದೆ ಸರಿಸುತ್ತಿದ್ದೆ. ಅಷ್ಟರಲ್ಲೇ ಎಷ್ಟೋ ಕೆಲಸ ಆಗುತ್ತಿತ್ತು. 2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆಯಿತು. ವೈದ್ಯರು ದೂರದಿಂದ ನೋಡುವುದಕ್ಕೆ ಸರ್ಕಾರದ ಟೆಲಿಮೆಡಿಸಿನ್ ನಿಯಮಗಳು ಬಂದಿದ್ದೂ ಅದೇ ದಿನಾಂಕದಲ್ಲಿ. ಮರುವಾರ ನಾನು ಅಡುಗೆಮನೆ ಪಕ್ಕದ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗೆ ಫೋನು ಒರಗಿಸಿಕೊಂಡು ಮೊದಲ ವಿಡಿಯೊ ಕರೆ ಮಾಡಿದೆ. ಹತ್ತು ನಿಮಿಷದಲ್ಲಿ ನಾಲ್ಕು ಸಲ ಕರೆ ಕಟ್ ಆಯಿತು. ಇದು ಆಗುವ ಕೆಲಸ ಅಲ್ಲ ಅಂದುಕೊಂಡೆ.

ನನ್ನ ಮನಸ್ಸು ಬದಲಾಯಿಸಿದ್ದು ಒಬ್ಬ ಹುಡುಗಿ. ಗುರುತು ಬದಲಿಸಿ, ಅವಳ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಲಾಕ್‌ಡೌನ್‌ಗೆ ಮೊದಲು ನಾಲ್ಕು ಸಲ ನನ್ನ ಎದುರು ಕೂತಿದ್ದಳು. ಪರೀಕ್ಷೆಯ ಭಯ ಎಂದಷ್ಟೇ ಹೇಳುತ್ತಿದ್ದಳು. ಐದನೇ ಸಲ ಫೋನಿನಲ್ಲಿ, ‘ಮೇಡಂ, ವಿಡಿಯೊ ಆಫ್ ಮಾಡಲಾ?’ ಎಂದು ಕೇಳಿದಳು. ಆಫ್ ಮಾಡಿ, ಕತ್ತಲಲ್ಲಿ ಮಲಗಿಕೊಂಡು, ಹನ್ನೊಂದನೇ ವಯಸ್ಸಿನಲ್ಲಿ ನೆಂಟರೊಬ್ಬರಿಂದ ತನಗಾದದ್ದನ್ನು ಹೇಳಿದಳು. ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ಅವಳು ಅದನ್ನು ಹೇಳುತ್ತಿರಲಿಲ್ಲ. ನನ್ನ ಮುಖ ಕಾಣದಿದ್ದದ್ದೇ ಅವಳಿಗೆ ಅನುಕೂಲವಾಯಿತು. ಆಗಿನಿಂದ ನಾನು ಫೋನಿನ ಕೌನ್ಸೆಲಿಂಗನ್ನು ಕೀಳಾಗಿ ಕಂಡಿಲ್ಲ. ಸಾಮಾನ್ಯ ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಸಿಬಿಟಿಯಂತಹ (ಯೋಚನೆ, ನಡವಳಿಕೆಯ ಅಭ್ಯಾಸವನ್ನು ಮಾತಿನಿಂದಲೇ ಬದಲಿಸುವ) ಚಿಕಿತ್ಸೆಯನ್ನು ವಿಡಿಯೊದಲ್ಲಿ ಕೊಟ್ಟು, ಎದುರಿಗೆ ಕೂರಿಸಿ ಕೊಟ್ಟದ್ದರ ಜೊತೆ ಹೋಲಿಸಿದ ಅಧ್ಯಯನಗಳು ಹಲವು ಇವೆ. ಫಲ ಹೆಚ್ಚುಕಡಿಮೆ ಒಂದೇ ಎಂದು ಅವು ಹೇಳುತ್ತವೆ. ಹಾಗಾಗಿ ‘ಕಡಿಮೆ ಆಗುತ್ತಾ?’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಆಗುತ್ತದೆ.

ಆದರೆ ಇನ್ನೊಂದು ಘಟನೆಯನ್ನೂ ಹೇಳದೆ ಇರಲಾರೆ. ಅದು ನನ್ನದೇ ತಪ್ಪು. ಒಬ್ಬ ಮಹಿಳೆ ಮೂರು ತಿಂಗಳು ವಾರಕ್ಕೊಮ್ಮೆ ವಿಡಿಯೊದಲ್ಲಿ ಮಾತಾಡುತ್ತಿದ್ದರು. ತಲೆ ಬಾಚಿ, ಕುಂಕುಮ ಇಟ್ಟು, ನಗುತ್ತಾ ಕೂರುತ್ತಿದ್ದರು. ‘ಪರವಾಗಿಲ್ಲ ಮೇಡಂ, ಊಟ ಸೇರ್ತಿದೆ’ ಎನ್ನುತ್ತಿದ್ದರು. ನಾನೂ ಸುಧಾರಿಸುತ್ತಿದ್ದಾರೆ ಎಂದು ಬರೆದುಕೊಂಡೆ. ಬಸ್ಸು ಶುರುವಾದ ಮೇಲೆ ಒಂದು ದಿನ ನೇರ ಬಂದರು. ಬಾಗಿಲು ತಳ್ಳಲು ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ಅಷ್ಟು ಇಳಿದು ಹೋಗಿದ್ದರು. ಪರದೆಯಲ್ಲಿ ನನಗೆ ಕಾಣುತ್ತಿದ್ದದ್ದು ಬರೀ ಮುಖ. ಕೈ, ನಡಿಗೆ, ಸೀರೆ ಸಡಿಲವಾದದ್ದು ಯಾವುದೂ ಕಂಡಿರಲಿಲ್ಲ. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ, ಔಷಧಿ ಶುರುವಾಯಿತು, ಈಗ ಚೆನ್ನಾಗಿದ್ದಾರೆ. ಆದರೆ ಎದುರಿಗೆ ಬಂದಿದ್ದರೆ ಎರಡು ತಿಂಗಳು ಮೊದಲೇ ನನಗೆ ಗೊತ್ತಾಗುತ್ತಿತ್ತು. ಆ ಎರಡು ತಿಂಗಳು ಅವರು ಅನುಭವಿಸಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಆಗಿನಿಂದ ಫೋನಿನಲ್ಲೇ ಶುರು ಮಾಡಿದವರಿಗೂ ನಾನು ಒಂದು ಮಾತು ಹೇಳುತ್ತೇನೆ: ಎರಡು ಮೂರು ಸಲ ಆದ ಮೇಲೆ ಒಮ್ಮೆಯಾದರೂ ಯಾರಾದರೂ ನಿಮ್ಮನ್ನು ಎದುರಿಗೆ ನೋಡಬೇಕು. ನಾನೇ ಆಗಬೇಕಿಲ್ಲ, ನಿಮ್ಮ ಊರಿನ ಡಾಕ್ಟರಾದರೂ ಸರಿ.

ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೆರಿಗೆಯಾದ ಮೇಲೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ. ರಕ್ತ ಕಡಿಮೆ ಆಗಿರುತ್ತದೆ. ಇವೆರಡೂ ಸುಸ್ತು, ಬೇಜಾರು, ನಿದ್ದೆಗೇಡು ತರುತ್ತವೆ. ಎಂಥ ಒಳ್ಳೆಯ ಕೌನ್ಸೆಲರ್ ಆದರೂ ಫೋನಿನಲ್ಲಿ ನಿಮ್ಮ ಕಣ್ಣಿನ ರೆಪ್ಪೆ ಇಳಿಸಿ ನೋಡಲು ಆಗುವುದಿಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನಿಮ್ಮದೂ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ಮತ್ತೆ, ಶಿವಮೊಗ್ಗದವರೆಗೆ ಹೋಗಲೇಬೇಕು ಅಂತಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ನಮ್ಮ ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ನಿಮ್ಮಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗುವಿನ ತೂಕ ನೋಡಲು ಬಂದಾಗಲೇ ಕೇಳಬಹುದು.

ದುಡ್ಡು ಕೊಡುವ ಮೊದಲು ಇನ್ನೊಂದು ಮಾಡಿ. 14416 ಎಂಬ ಸಂಖ್ಯೆ ಇದೆ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದಕ್ಕೆ ಮಾರ್ಗದರ್ಶನ ಕೊಡುವುದು ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ಪೂರ್ತಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೂ ಸೂಚಿಸುತ್ತಾರೆ. ನಿಮಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಇದಕ್ಕೆ ಇಂಟರ್‌ನೆಟ್ ಬೇಡ, ಸಾದಾ ಕರೆ ಸಾಕು. ಗುಡ್ಡದ ಮೇಲೆ ಒಂದೇ ಕಡ್ಡಿ ನೆಟ್‌ವರ್ಕ್ ಬಂದರೂ ನಡೆಯುತ್ತದೆ. ಆದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಎಂದು ಇಟ್ಟುಕೊಳ್ಳಬೇಡಿ. ವಾರವಾರ ಒಬ್ಬರ ಜೊತೆಗೇ ಮಾತಾಡಿ ಒಂದೊಂದೇ ಗಂಟು ಬಿಡಿಸಬೇಕು ಅಂದರೆ ನಿಮ್ಮದೇ ಒಬ್ಬ ಕೌನ್ಸೆಲರ್ ಬೇಕು. ಆಗ ಆ 1,200 ದಂಡ ಅಲ್ಲ.

ಈಗ ಜಗಲಿಯ ಮೂಲೆ. ಆನ್‌ಲೈನ್ ಒಳ್ಳೆಯದಾ ಕೆಟ್ಟದ್ದಾ ಎಂದು ಯಾರು ಕೇಳಿದರೂ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನೀವು ಎಲ್ಲಿ ಕೂತು ಮಾತಾಡುತ್ತೀರಿ? ನನ್ನ ರೂಮಿಗೆ ಬಂದವರಿಗೆ ಬಾಗಿಲು ನಾನು ಹಾಕಿಕೊಡುತ್ತಿದ್ದೆ. ಫೋನಿನಲ್ಲಾದರೆ ಆ ಬಾಗಿಲು ನಿಮ್ಮ ಮನೆಯದು. ಅತ್ತೆ ಮೂರು ಮಾರು ದೂರದಲ್ಲಿ ಅಡಿಕೆ ಸುಲಿಯುತ್ತಿದ್ದರೆ ನೀವು ಅವರ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಗಂಡನ ಬಗ್ಗೆಯೂ ಆಡುವುದಿಲ್ಲ, ಅಳುವುದಂತೂ ಇಲ್ಲವೇ ಇಲ್ಲ. ಮುಕ್ಕಾಲು ಗಂಟೆ ‘ಹ್ಞೂಂ, ಪರವಾಗಿಲ್ಲ’ ಎಂದು ಹೇಳಿ ಫೋನ್ ಇಟ್ಟರೆ ಏನೂ ಆಗುವುದಿಲ್ಲ. ಅದಕ್ಕೇ ಕೊಡುವ ದುಡ್ಡು ನಿಜಕ್ಕೂ ದಂಡ.

ಗುಡ್ಡವೇ ಒಳ್ಳೆಯದು, ತಂಗಿ. ವಾರಕ್ಕೆ ಒಂದು ದಿನ, ಮಧ್ಯಾಹ್ನ ಮಗುವಿಗೆ ಹಾಲು ಕೊಟ್ಟ ಮೇಲೆ, ಒಂದು ಗಂಟೆ ನಿಮ್ಮ ಯಜಮಾನರು ಮಗು ನೋಡಿಕೊಳ್ಳಲಿ. ಕೌನ್ಸೆಲಿಂಗ್ ಮಾಡಿಸು ಎಂದವರೇ ಅವರು. ಆ ಒಂದು ಗಂಟೆ ಕೊಟ್ಟರೆ ಅವರೂ ಚಿಕಿತ್ಸೆಯಲ್ಲಿ ಸೇರಿದ ಹಾಗಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಆಗುವುದಿಲ್ಲ ಎನ್ನುವುದು ನನಗೂ ಗೊತ್ತು. ಆಗ ರಸ್ತೆಗೆ ಹೋಗಿ, ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುವವರು ನನ್ನಲ್ಲೇ ಎಷ್ಟೋ ಜನ ಇದ್ದಾರೆ. ಇಯರ್‌ಫೋನ್ ಹಾಕಿಕೊಳ್ಳಿ. ಕರೆ ಶುರುವಾದ ತಕ್ಷಣ ಕೌನ್ಸೆಲರ್‌ಗೆ ಎರಡು ವಿಷಯ ಹೇಳಿ: ನೀವು ಎಲ್ಲಿದ್ದೀರಿ, ಮತ್ತು ಕರೆ ಕಟ್ ಆದರೆ ಯಾರು ತಿರುಗಿ ಮಾಡಬೇಕು. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ನನ್ನ ಹತ್ತಿರ ಮಾತಾಡುವ ಒಬ್ಬರು ‘ಹಾಲು ಉಕ್ಕುತ್ತಾ ಇದೆ’ ಎನ್ನುತ್ತಾರೆ. ನಾನು ಕೂಡಲೇ ಮಾತು ಬದಲಿಸುತ್ತೇನೆ.

ಒಂದು ವಿಷಯ ಮಾತ್ರ ಕಾಯಬಾರದು. ಬದುಕಿರುವುದೇ ಬೇಡ ಎನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಎಂದು ಭಯವಾದರೆ, ಯಾರೂ ಇಲ್ಲದಿದ್ದರೂ ದನಿ ಕೇಳಿಸಿದರೆ, ಆಗ ಫೋನಿನ ಕೌನ್ಸೆಲಿಂಗ್‌ಗೆ ಹೊತ್ತು ಗೊತ್ತು ಮಾಡುತ್ತಾ ಕೂರಬೇಡಿ. ಮನೆಯವರಿಗೆ ಹೇಳಿ, ಒಬ್ಬರೇ ಇರಬೇಡಿ, ಅವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಇಂಥ ಯೋಚನೆ ಬಂದದ್ದು ಅಪರಾಧ ಅಲ್ಲ, ಹೇಳಿಕೊಂಡರೆ ಯಾರೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ.

ಮುಂದಿನ ತಿಂಗಳು ಇನ್ನೊಂದು ಕಾಗದ ಬರೆಯಿರಿ. ಪ್ರಕಟಿಸಬೇಡಿ ಎಂದರೆ ಪ್ರಕಟಿಸುವುದಿಲ್ಲ.

ನನಗೆ 27. ಬೆಂಗಳೂರಿನ ಪಿಜಿಯಲ್ಲಿದ್ದು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಬ್ರೇಕಪ್ ಆದ ಮೇಲೆ ಒಂದು ಆಪ್‌ನಲ್ಲಿ ಮೂರು ತಿಂಗಳ ಪ್ಯಾಕೇಜ್ ತೆಗೆದುಕೊಂಡೆ. ಎಲ್ಲವೂ ಚಾಟ್. ಎರಡು ತಿಂಗಳಲ್ಲಿ ಮೂರು ಜನ ಥೆರಪಿಸ್ಟ್ ಬದಲಾದರು, ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ಅವರ ಓದು ಏನು ಎಂದು ಕೇಳಿದರೆ ‘ಸರ್ಟಿಫೈಡ್ ಎಕ್ಸ್‌ಪರ್ಟ್’ ಎಂದಷ್ಟೇ ಬರುತ್ತದೆ. ನಾನು ಬರೆದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಇದಕ್ಕಿಂತ ರಾತ್ರಿ ಎರಡು ಗಂಟೆಗೂ ಉತ್ತರ ಕೊಡುವ ಎಐ ಚಾಟ್‌ಬಾಟ್ ವಾಸಿ ಅನ್ನಿಸುತ್ತಿದೆ.
– ಆರ್., ಬೆಂಗಳೂರು

ನಿಮಗೆ ಸಿಟ್ಟು ಬಂದಿರುವುದು ನ್ಯಾಯ. ಆಪ್‌ನ ಹೆಸರು ಬರೆದಿದ್ದೀರಿ, ಅದು ಇಲ್ಲಿ ಬೇಡ. ನಿಮಗಾದದ್ದು ನನಗೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುವ ದೂರು.

ಯಾರ ಹತ್ತಿರ ಮಾತಾಡುತ್ತಿದ್ದೇನೆ ಎಂದು ತಿಳಿಯುವುದು ನಿಮ್ಮ ಹಕ್ಕು. ‘ಸರ್ಟಿಫೈಡ್ ಎಕ್ಸ್‌ಪರ್ಟ್’ ಎಂಬುದಕ್ಕೆ ಏನೂ ಅರ್ಥ ಇಲ್ಲ. ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಔಷಧಿ ಬರೆಯುವವರು ಅವರೇ. ನನ್ನಂಥ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ಆ ಸಂಖ್ಯೆಯನ್ನು ಅವರ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ತೊಡಕು ಇರುವುದು ‘ಕೌನ್ಸೆಲರ್’ ಎಂಬ ಹೆಸರಿನಲ್ಲಿ. ಮನಃಶಾಸ್ತ್ರದಲ್ಲಿ ಎಂಎಸ್‌ಸಿ ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಕೌನ್ಸೆಲರ್‌ಗಳು ಇದ್ದಾರೆ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ. ಎರಡು ವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಅದೇ ಹೆಸರು ಹಾಕಿಕೊಂಡವರೂ ಇದ್ದಾರೆ. ಪರದೆಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅದಕ್ಕೇ ನೇರವಾಗಿ ಕೇಳಿ: ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ, ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು? ಒಳ್ಳೆಯವರು ಬೇಜಾರು ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ. ಉತ್ತರ ಸಿಗಲಿಲ್ಲವಾದರೆ ಅಲ್ಲಿಗೆ ನಿಲ್ಲಿಸಿ.

ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಭಯವೂ ಸುಳ್ಳಲ್ಲ. ಬೆಟರ್‌ಹೆಲ್ಪ್ ಎಂಬುದು ಅಮೆರಿಕದ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ. ಗುಟ್ಟಾಗಿ ಇಡುತ್ತೇವೆ ಎಂದು ಹೇಳಿ ಪಡೆದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಕೊಟ್ಟಿತು ಎಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಕಂಪನಿ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಫಿನ್‌ಲೆಂಡಿನಲ್ಲಿ ಆದದ್ದು ಇನ್ನೂ ಘೋರ. ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಂಪ್ಯೂಟರಿಗೆ ಕನ್ನ ಹಾಕಿದವನು ಸುಮಾರು 33,000 ಜನರ ಮಾಹಿತಿ ಕದ್ದಿದ್ದ. 2020ರ ಅಕ್ಟೋಬರ್‌ನಲ್ಲಿ ಒಬ್ಬೊಬ್ಬ ರೋಗಿಗೂ ಇಮೇಲ್ ಕಳಿಸಿ, ದುಡ್ಡು ಕೊಡದಿದ್ದರೆ ನೀವು ಥೆರಪಿಸ್ಟ್‌ಗೆ ಹೇಳಿದ್ದನ್ನು ಬಯಲು ಮಾಡುತ್ತೇನೆ ಎಂದು ಹೆದರಿಸಿದ. 2024ರಲ್ಲಿ ಅವನಿಗೆ ಆರು ವರ್ಷ ಮೂರು ತಿಂಗಳ ಜೈಲಾಯಿತು. ಆದರೆ ಬಯಲಾದ ಮಾತುಗಳನ್ನು ಒಳಗೆ ಹಾಕಲು ಯಾವ ಕೋರ್ಟಿಗೂ ಆಗುವುದಿಲ್ಲ. ಅವರಲ್ಲಿ ಎಷ್ಟೋ ಜನ ಥೆರಪಿಸ್ಟ್ ಎದುರಿಗೇ ಕೂತು ಮಾತಾಡಿದವರು. ಕದ್ದವನ ಕೈಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಬರೆದಿಟ್ಟ ಟಿಪ್ಪಣಿ. ಚಾಟ್‌ನಲ್ಲಾದರೆ ಅಂಥ ಬರಹ ರಾಶಿ ಬೀಳುತ್ತದೆ. ಅದಕ್ಕೇ ಚಾಟ್‌ಗಿಂತ ಮಾತು ವಾಸಿ ಎನ್ನುತ್ತೇನೆ. ನಿಮ್ಮ ಚಾಟ್ ಅಳಿಸಿಹಾಕಲು ಆಪ್‌ನವರಿಗೆ ಬರವಣಿಗೆಯಲ್ಲಿ ಕೇಳಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್ ಇದಕ್ಕೆ ಬಳಸಬೇಡಿ.

ಚಾಟ್‌ಬಾಟ್ ಬಗ್ಗೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಬರೆದರು. ನಾವು ಹೇಳಿದ್ದನ್ನೇ ಪ್ರಶ್ನೆ ಮಾಡಿ ತಿರುಗಿಸುವುದಷ್ಟೇ ಅದರ ಕೆಲಸ. ಅದು ಯಂತ್ರ ಎಂದು ಗೊತ್ತಿದ್ದೂ ಅವರ ಸೆಕ್ರೆಟರಿ, ನಾನು ಇದರ ಜೊತೆ ಮಾತಾಡಬೇಕು, ನೀವು ಹೊರಗಿರಿ ಎಂದರಂತೆ. ಕೇಳುವವರು ಬೇಕು ಎಂಬ ಹಸಿವು ಅಷ್ಟು ದೊಡ್ಡದು. ಹಾಗಾಗಿ ರಾತ್ರಿ ಎರಡಕ್ಕೆ ನೀವು ಬಾಟ್ ತೆರೆದರೆ ನಾನು ತಪ್ಪು ಹೇಳಲಾರೆ. ಉಸಿರಾಟದ ಅಭ್ಯಾಸ ಮಾಡಲು, ಮನಸ್ಸಿನಲ್ಲಿದ್ದದ್ದನ್ನು ಬರೆದು ಹಾಕಲು ಅದು ಆಗುತ್ತದೆ. ಆದರೆ ಅದು ನಿಮ್ಮ ಮಾತಿಗೆ ಹೌದು ಹೌದು ಎನ್ನುವುದೇ ಹೆಚ್ಚು. ಬ್ರೇಕಪ್ ಆದವರಿಗೆ ನಡುನಡುವೆ ‘ನೀವು ಮಾಡಿದ್ದೂ ಸರಿ ಇರಲಿಲ್ಲ’ ಎಂದು ಪ್ರೀತಿಯಿಂದ ಹೇಳುವವರು ಬೇಕು. ಹೇಗಾದರೂ ನೀವು ಬೆಂಗಳೂರಿನಲ್ಲೇ ಇದ್ದೀರಿ. ಪ್ಯಾಕೇಜ್ ಮುಗಿಯಲಿ ಎಂದು ಕಾಯದೆ ಒಬ್ಬರನ್ನು ಎದುರಿಗೆ ಕೂತು ನೋಡಿ. ದಿನವಿಡೀ ಪರದೆ ಮುಂದೆ ಇರುವವರಿಗೆ ಅದೇ ಪರದೆಯಲ್ಲಿ ಇನ್ನೊಂದು ಮೀಟಿಂಗ್ ಬೇಡ ಅನ್ನಿಸುತ್ತದೆ ನನಗೆ.

ಮೇಡಂ ಅವರಿಗೆ ನಮಸ್ಕಾರ. ನನ್ನ ಮಗನಿಗೆ 19. ಪಿಯುಸಿ ಆದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಆರು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ. ಒಬ್ಬನೇ ಮಾತಾಡುತ್ತಾನೆ. ಪಕ್ಕದ ಮನೆಯವರು ಊಟದಲ್ಲಿ ಏನೋ ಹಾಕುತ್ತಾರೆ ಎನ್ನುತ್ತಾನೆ. ಡಾಕ್ಟರ್ ಅಂದರೆ ಸಿಟ್ಟಿಗೇಳುತ್ತಾನೆ. ಅವನಿಗೆ ತಿಳಿಯದ ಹಾಗೆ ಆನ್‌ಲೈನ್ ಡಾಕ್ಟರಿಂದ ಗುಳಿಗೆ ಬರೆಸಿಕೊಂಡು ಊಟದಲ್ಲಿ ಹಾಕಬಹುದೇ?
– ಒಬ್ಬ ತಾಯಿ, ಹಾವೇರಿ

ಅಕ್ಕಾ, ಇದು ಬೇಡ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತದೆ, ಆದರೂ ಬೇಡ.

ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದೇ ಅವನ ಭಯ. ನಾಳೆ ಅನ್ನದಲ್ಲಿ ಗುಳಿಗೆ ಸಿಕ್ಕಿತು ಎಂದುಕೊಳ್ಳಿ. ಅವನ ಭಯ ನಿಜವಾಗುತ್ತದೆ, ನಿಮ್ಮ ಕೈ ಊಟವನ್ನೂ ಬಿಡುತ್ತಾನೆ. ಈ ಮನೆಯಲ್ಲಿ ಅವನು ಇನ್ನೂ ನಂಬಿರುವುದು ಬಹುಶಃ ನಿಮ್ಮನ್ನು ಮಾತ್ರ. ಅಲ್ಲದೆ ನೀವು ಹೇಳುವ ಲಕ್ಷಣಗಳನ್ನು ವೈದ್ಯರು ಎದುರಿಗೆ ಪರೀಕ್ಷಿಸಲೇಬೇಕು. ಅವನನ್ನು ನೋಡದೆ, ಅವನಿಗೆ ತಿಳಿಯದೆ ಫೋನಿನಲ್ಲೇ ಔಷಧಿ ಬರೆದುಕೊಡಲು ಒಪ್ಪುವ ಡಾಕ್ಟರ್ ಸಿಕ್ಕರೆ, ಅಂಥವರನ್ನು ನಂಬಬೇಡಿ.

ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಮೊದಲ ಸಲ ಮಗನನ್ನು ಬಿಟ್ಟು ನೀವೇ ಹೋಗಿ. ಯಾವಾಗಿನಿಂದ ಶುರುವಾಯಿತು, ನಿದ್ದೆ ಎಷ್ಟು, ಊಟ ಎಷ್ಟು, ಗಾಂಜಾ ಅಥವಾ ಕುಡಿತದ ಚಟ ಇದೆಯಾ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅವನನ್ನು ಒಪ್ಪಿಸಿ ಕರೆತರುವುದು ಹೇಗೆ ಎಂದು ಅವರು ಹೇಳುತ್ತಾರೆ. ಹುಚ್ಚು, ಡಾಕ್ಟರ್ ಎಂಬ ಮಾತು ಬಿಟ್ಟು ‘ನಿನಗೆ ನಿದ್ದೆ ಇಲ್ಲ, ಅದಕ್ಕೆ ತೋರಿಸೋಣ’ ಎಂದರೆ ಎಷ್ಟೋ ಹುಡುಗರು ಬರುತ್ತಾರೆ. ಬರಲಾರೆ ಎಂದು ಹಟ ಹಿಡಿದು, ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೂ ದಾರಿ ಇದೆ. ಅದನ್ನೂ ಅಲ್ಲೇ ಕೇಳಿ. ಇವತ್ತು ಸಂಜೆಯೇ 14416ಕ್ಕೆ ಮಾಡಿ, ನಿಮ್ಮ ಬಗ್ಗೆಯೂ ಮಾತಾಡಿ. ಆರು ತಿಂಗಳಿಂದ ನೀವೂ ನಿದ್ದೆ ಮಾಡಿಲ್ಲ ಅಲ್ವಾ?

ಫೋನು ನಿಮಗೆ ಉಪಯೋಗಕ್ಕೆ ಬರುವುದು ಆಮೇಲೆ. ಚಿಕಿತ್ಸೆ ಶುರುವಾಗಿ ಅವನು ಒಂದು ಹದಕ್ಕೆ ಬಂದ ಮೇಲೆ, ಪ್ರತಿ ಸಲ ಧಾರವಾಡಕ್ಕೆ ಹೋಗುವ ಬದಲು ನಡುನಡುವಿನ ಭೇಟಿಯನ್ನು ವಿಡಿಯೊದಲ್ಲಿ ಮಾಡಬಹುದಾ ಎಂದು ವೈದ್ಯರನ್ನು ಕೇಳಿ. ಬಸ್ ಚಾರ್ಜ್, ಒಂದು ದಿನದ ಕೂಲಿ ಎರಡೂ ಉಳಿಯುತ್ತದೆ. ಆದರೆ ತಡ ಮಾಡಬೇಡಿ ಅಕ್ಕಾ. ಇಂಥದ್ದಕ್ಕೆ ಎಷ್ಟು ಬೇಗ ಚಿಕಿತ್ಸೆ ಶುರುವಾದರೆ ಅಷ್ಟು ಚೆನ್ನಾಗಿ ಸುಧಾರಿಸುತ್ತದೆ.

ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮ ತೀರಿಕೊಂಡಾಗ ನನಗೆ ಊರಿಗೆ ಬರಲು ಆಗಲಿಲ್ಲ. ಇಲ್ಲಿ ಒಬ್ಬ ಥೆರಪಿಸ್ಟ್ ಬಳಿ ಹೋದೆ, ಒಳ್ಳೆಯವರು, ಆದರೆ ಇಂಗ್ಲಿಷಿನಲ್ಲಿ ನನಗೆ ಅಳಲೇ ಬರುವುದಿಲ್ಲ. ಬೆಂಗಳೂರಿನ ಕೌನ್ಸೆಲರ್ ಜೊತೆ ಆನ್‌ಲೈನ್‌ನಲ್ಲಿ ಕನ್ನಡದಲ್ಲಿ ಮಾತಾಡಬಹುದಾ?
– ಎಸ್., ನ್ಯೂಜೆರ್ಸಿ

‘ಇಂಗ್ಲಿಷಿನಲ್ಲಿ ಅಳಲು ಬರುವುದಿಲ್ಲ’ ಎಂಬ ನಿಮ್ಮ ಮಾತು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಹೊಟ್ಟೆಯಲ್ಲಿ ಸಂಕಟ’, ‘ಎದೆ ಭಾರ’, ‘ಅಮ್ಮನ ಬಾಯಿಗೆ ನೀರು ಬಿಡಲೂ ಆಗಲಿಲ್ಲ’, ಇವನ್ನು ಇನ್ನೊಂದು ಭಾಷೆಗೆ ದಾಟಿಸುವಷ್ಟರಲ್ಲಿ ಬಂದ ಅಳು ನಿಂತು ಹೋಗುತ್ತದೆ. ಆನ್‌ಲೈನ್‌ನಿಂದ ಆಗಿರುವ ಉಪಕಾರಗಳಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸುವುದು ಇದೇ. ದೂರದಲ್ಲಿರುವವರಿಗೂ ತಾಯಿನುಡಿ ಸಿಗುತ್ತದೆ.

ಕಾನೂನಿನ ಮಾತು ಒಂದಿದೆ. ಅಮೆರಿಕದಲ್ಲಿ ಥೆರಪಿ ಕೊಡುವವರಿಗೆ, ರೋಗಿ ಇರುವ ರಾಜ್ಯದ ಪರವಾನಗಿ ಬೇಕು. ಬೆಂಗಳೂರಿನ ಕೌನ್ಸೆಲರ್‌ಗೆ ಅದು ಇರುವುದಿಲ್ಲ. ಆದ್ದರಿಂದ ಇಲ್ಲಿ ಕೆಲವರು ಒಪ್ಪುವುದಿಲ್ಲ. ಒಪ್ಪಿದರೂ ನಿಮ್ಮ ಇನ್ಶೂರೆನ್ಸ್ ಈ ಖರ್ಚು ಕೊಡುತ್ತದೆ ಎಂದು ನಂಬಿಕೊಳ್ಳಬೇಡಿ, ಏನಾದರೂ ತಪ್ಪಾದರೆ ಅಲ್ಲಿ ದೂರು ಕೊಡುವುದೂ ಕಷ್ಟ. ಮೊದಲು ನಿಮ್ಮ ರಾಜ್ಯದ ಪರವಾನಗಿ ಇರುವ, ಕನ್ನಡ ಬಲ್ಲ ಥೆರಪಿಸ್ಟ್ ಇದ್ದಾರಾ ಎಂದು ಅಲ್ಲಿನ ಕನ್ನಡ ಕೂಟದವರನ್ನು ಕೇಳಿ ನೋಡಿ. ಸಿಗದಿದ್ದರೆ ಈಗಿರುವವರನ್ನು ಬಿಡಬೇಡಿ. ತುರ್ತಿಗೆ ಆಗುವವರು ಅವರೇ. ಅಲ್ಲಿ ನಡುರಾತ್ರಿ ಮನಸ್ಸು ಕೆಟ್ಟರೆ ಬೆಂಗಳೂರಿನಿಂದ ಯಾರೂ ಬಾಗಿಲು ತಟ್ಟಲಾರರು, ಅಲ್ಲಿನ ತುರ್ತು ಸಹಾಯವಾಣಿ 988ಕ್ಕೆ ಕರೆ ಮಾಡಬೇಕು. ಅವರಿಗೆ ಹೇಳಿಯೇ, ಜೊತೆಗೆ ಇಲ್ಲಿನ ಒಬ್ಬರ ಹತ್ತಿರ ಅಮ್ಮನ ಬಗ್ಗೆ ಕನ್ನಡದಲ್ಲಿ ಮಾತಾಡಿ.

ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಎಂಟಾದರೆ ಇಲ್ಲಿ ಸಂಜೆ ಐದೂವರೆ. ಚಳಿಗಾಲದಲ್ಲಿ ಆರೂವರೆ. ಮಾತು ಮುಗಿದ ಕೂಡಲೇ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ಅತ್ತ ಮೇಲೆ ಮುಖ ತೊಳೆದುಕೊಂಡು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟುಕೊಳ್ಳಿ. ಮೊದಲ ದಿನ ಅಮ್ಮನ ಒಂದು ಫೋಟೊ ಪಕ್ಕದಲ್ಲಿರಲಿ. ಅವರ ಹೆಸರು ಏನು, ಅವರು ಮಾಡುತ್ತಿದ್ದ ಯಾವ ಅಡುಗೆ ನಿಮಗೆ ಇಷ್ಟ, ಅಲ್ಲಿಂದ ಶುರು ಮಾಡಿ.